ಹರಿಯುವ ಮೊದಲೇ ಹೊಲಿಯುವುದು

ಮಳೆಗಾಲದ ಆಟಿ ತಿಂಗಳಲ್ಲಿ ತೋಟದ ಕೆಲಸ ಕಡಿಮೆ. ಬೆಳ್ತಂಗಡಿ ಕಡೆಯವರಿಗೆ ಹಳೆ ಬಟ್ಟೆಯ ಗಂಟು ಬಿಚ್ಚಲು ಅದೇ ಹೊತ್ತು. ಅರೆ ಒಣಗಿದ ಹತ್ತಿಬಟ್ಟೆಗೆ ಹಿಡಿಯುವ ಬೂಷ್ಟು ಬರೀ ಕಪ್ಪು ಚುಕ್ಕೆ ಅಲ್ಲ, ನೂಲನ್ನೇ ತಿನ್ನುತ್ತದೆ. ಹಾಗಾಗಿ ಮೊದಲು ಒಗೆದು, ಬಚ್ಚಲೊಲೆಯ ಬಿಸಿಗಾದರೂ ಪೂರ್ತಿ ಒಣಗಿಸಿಕೊಳ್ಳಬೇಕು. ಸೂಜಿ ಆಮೇಲೆ.

ಅಂಗಿ, ಲುಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಮೊಣಕೈ, ಹೆಗಲು, ಲುಂಗಿಯ ಕೂರುವ ಜಾಗ ಜಾಳುಜಾಳಾಗಿ ಕಾಣುತ್ತದೆ. ತೂತು ಬೀಳುವ ಮೊದಲೇ ಅಲ್ಲಿಗೆ ಒಳಗಿನಿಂದ ತೇಪೆ ಕೊಟ್ಟರೆ ಕೆಲಸ ಅರ್ಧ. ತೇಪೆ ಜಾಳಾದ ಜಾಗದಿಂದ ಸುತ್ತಲೂ ಒಂದು ಬೆರಳು ಆಚೆಗೆ, ಗಟ್ಟಿ ಬಟ್ಟೆಯವರೆಗೆ ಹೋಗಬೇಕು. ಹೊಸ ಬಟ್ಟೆಯ ತುಂಡು ಬೇಡ: ಒಗೆದಾಗ ಅದು ಕುಗ್ಗಿ ಪಕ್ಕದ ಹಳೆ ನೂಲನ್ನು ಎಳೆದು ಹರಿಯುತ್ತದೆ. ಸವೆದ ಬೈರಾಸಿನ (ಟವೆಲಿನ) ಅಂಚು ಒಳ್ಳೆಯದು. ಪಾಲಿಯೆಸ್ಟರ್ ದಾರವೂ ಬೇಡ, ಹಳೆ ಹತ್ತಿಯನ್ನು ಅದು ಕತ್ತರಿಸೀತು. ಎಳೆತಕ್ಕೆ ದಾರ ಹೋಗಲಿ, ಬಟ್ಟೆ ಉಳಿಯಲಿ.

ಶರ್ಟಿನ ಕಾಲರ್ ಮಡಿಕೆಯಲ್ಲಿ ಸವೆದರೆ ಬಿಸಾಡುವವರೇ ಹೆಚ್ಚು. ಅದನ್ನು ತಿರುಗಿಸಬಹುದು. ಕಾಲರ್ ಪಟ್ಟಿಗೆ ಸೇರುವ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದೇ ಬಿಚ್ಚಿ, ನಡುವಿಗೆ ಗುಂಡುಸೂಜಿ ಚುಚ್ಚಿ ಗುರುತು ಮಾಡಿ, ಸವೆದ ಮೈ ಕೆಳಗೆ ಬರುವಂತೆ ಮಗುಚಿ, ಹಳೆ ಗೆರೆಯ ಮೇಲೇ ಮತ್ತೆ ಹೊಲಿಗೆ ಹಾಕುವುದು. ತುದಿಗೆ ಗುಂಡಿ ಇರುವ ಕಾಲರಿಗೆ ಈ ಉಪಾಯ ನಡೆಯದು. ಕೈಬಾರದವರು ಟೈಲರಿಗೆ ಕೊಡಲಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯಂಥ ಕಡೆ ಹೊಲಿಗೆ ಕಲಿತವರು ಊರೂರಲ್ಲಿ ಇದ್ದಾರೆ. ಹೊಸ ಬ್ಲೌಸಿನ ಆರ್ಡರ್ ಇರುವಾಗ ಇಂಥ ಕೆಲಸಕ್ಕೆ ಅವರು ಮುಖ ಸಿಂಡರಿಸುತ್ತಾರೆ, ಅದು ಬೇರೆ ಮಾತು.

ನಡುವೆ ಸವೆದ ಬೆಡ್‌ಶೀಟನ್ನು ಉದ್ದಕ್ಕೆ ಸೀಳಿ, ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ, ಸೀಳಿದ ಕಡೆಯನ್ನು ಮಡಚಿ ಹೊಲಿದರೆ ಮತ್ತೆ ಕೆಲವು ವರ್ಷ.

ಕಲೆಯದ್ದು ಇನ್ನೊಂದು ತಾಪತ್ರಯ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಅಂಗಿಗೆ ಹಿಡಿದ ನೀಲಿ ನಿಂಬೆಹುಳಿಗೆ ಸುಮಾರಾಗಿ ಬಿಡುತ್ತದೆ. ಅಡಿಕೆ ಮತ್ತು ಬಾಳೆಯ ಕಲೆ ಮಾತ್ರ ಬಿಡುವ ಜಾತಿಯದ್ದಲ್ಲ. ಉಜ್ಜಿ ಬಟ್ಟೆ ಹರಿಯುವ ಬದಲು ಇಡೀ ಅಂಗಿಗೇ ಅದೇ ಬಣ್ಣ ಕೊಡುವುದು ಜಾಣತನ. ಮಲೆನಾಡಿನವರು ಅಡಿಕೆ ಬೇಯಿಸುವುದರಿಂದ ಅವರಿಗೆ ಬಣ್ಣಕ್ಕೆ ಚೊಗರು, ಅಂದರೆ ಅಡಿಕೆ ಬೆಂದ ನೀರು, ಸಲೀಸು; ನಮ್ಮದು ಬೇಯಿಸದೆ ಒಣಗಿಸುವ ಚಾಲಿ. ಆದರೆ ಮಹಾಳಿ ರೋಗಕ್ಕೆ ಉದುರುವ ಎಳೆ ಅಡಿಕೆ ಮಳೆಗಾಲದಲ್ಲಿ ತೋಟದ ತುಂಬ. ಕೊಳೆಯದವನ್ನು ಆರಿಸಿ ಜಜ್ಜಿ ಕುದಿಸಿ, ಸೋಸಿದ ನೀರಲ್ಲಿ ಸ್ಫಟಿಕದ ನೀರಿಗೆ ಅದ್ದಿಟ್ಟ ಹತ್ತಿಬಟ್ಟೆ ನೆನೆಸಿದರೆ ಕಂದು ಬಣ್ಣ ಬರುತ್ತದೆ. ತುಕ್ಕು ಹಿಡಿದ ಮೊಳೆ ಹಾಕಿದರೆ ಕಪ್ಪಿಗೆ ತಿರುಗುತ್ತದೆ, ಆದರೆ ಕಬ್ಬಿಣ ಜಾಸ್ತಿಯಾದರೆ ಬಟ್ಟೆ ಬೇಗ ಪಿಸಿಯುತ್ತದೆ. ಪಾಲಿಯೆಸ್ಟರಿಗೆ ಈ ಬಣ್ಣ ಹಿಡಿಯದು.

ಇದ್ಯಾವುದಕ್ಕೂ ಒಗ್ಗದ ಬಟ್ಟೆಗೆ ಕೌದಿಯೇ ಗತಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆ ಸೀರೆಯ ಮೇಲೆ ತುಂಡುಗಳನ್ನು ಅಂಚಿನಿಂದ ಶುರುಮಾಡಿ ನಡುವಿನವರೆಗೆ ಸುತ್ತುತ್ತಾ ಹೊಲಿದು, ಮೂಲೆಗಳಿಗೆ ಮಡಚಿದ ತ್ರಿಕೋನದ ಹೂ ಇಡುತ್ತಾರೆ. ನಮ್ಮ ಕಡೆ ಮಾಡುವುದಾದರೆ ತೆಳ್ಳಗಿರಲಿ. ದಪ್ಪ ಕೌದಿ ಆಟಿಯಲ್ಲಿ ಒಮ್ಮೆ ಒದ್ದೆಯಾದರೆ ಚೌತಿಯವರೆಗೂ ಒಣಗಲಿಕ್ಕಿಲ್ಲ.