ಡೀಸೆಲ್ ವಾಹನದ ಮಸಿ ಫಿಲ್ಟರ್: ಸಣ್ಣ ಓಡಾಟದವರು ತಿಳಿದಿರಬೇಕಾದ ಸಂಗತಿ

ನಮ್ಮ ಸದಸ್ಯರಲ್ಲಿ ಅನೇಕರು ಈಚಿನ ವರ್ಷಗಳಲ್ಲಿ ಹಳೆಯ ಜೀಪು ಮಾರಿ ಹೊಸ ಡೀಸೆಲ್ ಪಿಕಪ್ ಇಲ್ಲವೆ ಜೀಪು ಕೊಂಡಿದ್ದಾರೆ. ವಾಹನ ಹೊಸದಾದರೂ ಅದರ ಓಡಾಟ ಹಿಂದಿನದೇ. ಬೆಳಿಗ್ಗೆ ಬಸ್ಸು ನಿಲ್ಲುವಲ್ಲಿಗೆ ಹೋಗಿ ಕೆಲಸದವರನ್ನು ಕರೆತರುವುದು, ಮಧ್ಯಾಹ್ನ ಮೇಲಿನ ತೋಟದಿಂದ ಕಣಕ್ಕೆ ಕಾಫಿ ಹಣ್ಣಿನ ಚೀಲ ಸಾಗಿಸುವುದು, ಸಂಜೆ ಗೊಬ್ಬರಕ್ಕೋ ಹಿಂಡಿಗೋ ಸೊಸೈಟಿಯ ತನಕ ಒಂದು ಸುತ್ತು. ಒಂದೊಂದು ಓಡಾಟವೂ ಮೂರು ನಾಲ್ಕು ಕಿಲೋಮೀಟರಿಗೆ ಮುಗಿಯುತ್ತದೆ. ಇದು ಹಳೆಯ ಜೀಪಿಗೆ ಒಗ್ಗಿತ್ತು. ಹೊಸ ವಾಹನಕ್ಕೆ ಒಗ್ಗುವುದಿಲ್ಲ. ಅದರ ಹೊಗೆ ಕೊಳವೆಯ ದಾರಿಯಲ್ಲಿ ಕುಳಿತಿರುವ ಮಸಿ ಫಿಲ್ಟರೇ ಇದಕ್ಕೆ ಕಾರಣ.

ಇದನ್ನು ನಾನು ಪೆಟ್ಟು ತಿಂದ ಮೇಲೆ ಕಲಿತೆ. ಹಿಂದಿನ ಕೊಯ್ಲಿನ ಹೊತ್ತಿನಲ್ಲಿ ನಮ್ಮ ಪಿಕಪ್ಪಿನ ಸ್ಪೀಡೋಮೀಟರಿನ ಪಕ್ಕ ಹಳದಿ ದೀಪವೊಂದು ಹೊತ್ತಿತು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಕೊಯ್ಲು ಮುಗಿಯಲಿ, ಆಮೇಲೆ ತೋರಿಸಿದರಾಯಿತು ಎಂದು ಬಿಟ್ಟೆ. ಅದೇ ದಿನಗಳಲ್ಲಿ ಎಂಜಿನ್ ಆಯಿಲ್ ನೋಡಲು ಕಡ್ಡಿ ಎತ್ತಿದಾಗ ಆಯಿಲ್ ಇಳಿದಿರಲಿಲ್ಲ. ಮೇಲಿನ ಗುರುತನ್ನೂ ದಾಟಿ ನಿಂತಿತ್ತು. ತೊಟ್ಟು ಆಯಿಲ್ ಕುಡಿಯದ ಒಳ್ಳೆಯ ಎಂಜಿನ್ ಎಂದು ಸಂತೋಷಪಟ್ಟೆ. ಮೂರು ವಾರದ ಮೇಲೆ ಚೀಲ ಹೇರಿಕೊಂಡು ಏರು ಹತ್ತುತ್ತಿದ್ದಾಗ ಗಾಡಿಯ ಶಕ್ತಿಯೇ ಉಡುಗಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಎಂಜಿನ್ ಏಳಲಿಲ್ಲ. ಚೀಲಗಳನ್ನು ಬೇರೆ ಗಾಡಿಗೆ ಹೊರಿಸಿ, ನಮ್ಮದನ್ನು ವರ್ಕ್‌ಶಾಪಿಗೆ ಎಳೆಸಬೇಕಾಯಿತು. ಹೊತ್ತಿದ ದೀಪ, ಏರಿದ ಆಯಿಲ್ ಎರಡೂ ಒಂದೇ ಕಾಯಿಲೆಯ ಲಕ್ಷಣಗಳೆಂದು ಅಲ್ಲಿ ತಿಳಿಯಿತು.

ಈ ಫಿಲ್ಟರ್ ಎಂದರೇನು?

ಇದರ ಪೂರ್ಣ ಹೆಸರು ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್. ವರ್ಕ್‌ಶಾಪಿನಲ್ಲಿ ಡಿ.ಪಿ.ಎಫ್. ಎನ್ನುತ್ತಾರೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂತು. ಡೀಸೆಲ್ ಕಾರೊಂದು ಕಿಲೋಮೀಟರಿಗೆ ಉಗುಳಬಹುದಾದ ಮಸಿಯ ಮಿತಿ ಸ್ಟೇಜ್ 4ರಲ್ಲಿ 0.025 ಗ್ರಾಂ ಇದ್ದದ್ದು ಸ್ಟೇಜ್ 6ರಲ್ಲಿ 0.0045 ಗ್ರಾಂಗೆ ಇಳಿಯಿತು. ಅಂದರೆ ಹಿಂದಿನದರ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಎಂಜಿನನ್ನು ಎಷ್ಟು ತಿದ್ದಿದರೂ ಇಷ್ಟನ್ನು ಸಾಧಿಸುವುದು ಕಷ್ಟ. ಆದ್ದರಿಂದ ಆ ನಂತರದ ಬಹುಪಾಲು ಡೀಸೆಲ್ ಕಾರು, ಜೀಪು, ಪಿಕಪ್ಪುಗಳಿಗೆ ಈ ಫಿಲ್ಟರನ್ನು ಅಳವಡಿಸಲಾಗಿದೆ.

ಫಿಲ್ಟರಿನ ಒಳಗೆ ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ, ಜೇನುಗೂಡನ್ನು ಹೋಲುವ ಸಾವಿರಾರು ಸಣ್ಣ ಕಿಂಡಿಗಳಿವೆ. ಒಂದು ಕಿಂಡಿಯ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ ಕಿಂಡಿಯ ಮುಂದಿನ ಬಾಯಿ ಮುಚ್ಚಿರುತ್ತದೆ. ಹೀಗಾಗಿ ಹೊಗೆಯು ಕಿಂಡಿಯ ಗೋಡೆಯ ಮೂಲಕವೇ ಹಾದುಹೋಗಬೇಕು. ಗಾಳಿ ಹೊರಗೆ ಹೋಗುತ್ತದೆ, ಮಸಿ ಒಳಗೆ ಉಳಿಯುತ್ತದೆ.

ಇದು ಬೇಡದ ತಾಪತ್ರಯವೆಂದು ತಿಳಿಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಚಾಲೂ ಇರುವ ಗಾಡಿಯ ಹಿಂದೆ ನಿಂತು ಚೀಲ ಹೇರುವವರು ಯಾರೆಂಬುದನ್ನು ನೆನೆದರೆ ಫಿಲ್ಟರಿನ ಬೆಲೆ ತಿಳಿಯುತ್ತದೆ.

ತುಂಬಿದ ಮಸಿ ಏನಾಗುತ್ತದೆ?

ತುಂಬಿದ ಮಸಿಯನ್ನು ವಾಹನವೇ ಆಗಾಗ ಸುಟ್ಟುಕೊಳ್ಳಬೇಕು. ಹಂಡೆ ಒಲೆಗೆ ಹಸಿ ಸೌದೆ ಇಟ್ಟು ಸಣ್ಣ ಉರಿ ಹಾಕಿದರೆ ಹೊಗೆಯೇ ಹೆಚ್ಚು, ಜಂತಿಗೆಲ್ಲ ಇಲ್ಲಣ ಕಟ್ಟುತ್ತದೆ. ಒಣ ಸೌದೆ ಹಾಕಿ ಉರಿ ಜೋರು ಮಾಡಿದರೆ ಒಲೆಯ ಗೋಡೆಗೆ ಹಿಡಿದ ಮಸಿಯೂ ಸುಟ್ಟು ಬೆಳ್ಳಗಾಗುತ್ತದೆ. ಫಿಲ್ಟರಿನ ಕಥೆಯೂ ಹೀಗೆಯೇ.

ಸುಡುವುದು ಎರಡು ಬಗೆ. ಮೊದಲನೆಯದು ತಾನಾಗಿ ಆಗುವಂಥದು. ಗಾಡಿ ಒಂದೇ ಸಮನೆ ದೂರ ಓಡಿ ಹೊಗೆಯ ಬಿಸಿ ಸುಮಾರು 250ರಿಂದ 400 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮಸಿ ನಿಧಾನವಾಗಿ ಸವೆಯುತ್ತದೆ. ಎರಡನೆಯದು ಎಂಜಿನ್ನಿನ ಕಂಪ್ಯೂಟರ್ ಬೇಕೆಂದೇ ಮಾಡಿಸುವ ಸುಡುವಿಕೆ. ಮಸಿ ಒಂದು ಮಟ್ಟ ಮುಟ್ಟಿತೆಂದು ತಿಳಿದಾಗ ಅದು ಸ್ವಲ್ಪ ಡೀಸೆಲನ್ನು ಹೆಚ್ಚಾಗಿ ಸಿಂಪಡಿಸುತ್ತದೆ. ಈ ಡೀಸೆಲ್ ಫಿಲ್ಟರಿನ ಮುಂದಿರುವ ಕ್ಯಾಟಲಿಸ್ಟಿನಲ್ಲಿ ಉರಿದು ಬಿಸಿಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. ಆಗ ಮಸಿ ಸುಟ್ಟುಹೋಗುತ್ತದೆ. ಇದಕ್ಕೆ ಸಾಮಾನ್ಯವಾಗಿ 10ರಿಂದ 20 ನಿಮಿಷ ಬೇಕು.

ನಮ್ಮ ತೊಂದರೆ ಇರುವುದು ಇಲ್ಲಿಯೇ. ಮೂರು ಕಿಲೋಮೀಟರ್ ಓಡಿದ ಗಾಡಿಯ ಎಂಜಿನ್ನೇ ಸರಿಯಾಗಿ ಕಾದಿರುವುದಿಲ್ಲ. ತಣ್ಣಗಿನ ಎಂಜಿನ್ ಹೆಚ್ಚು ಮಸಿ ಮಾಡುತ್ತದೆ. ಸುಡುವ ಕೆಲಸ ಶುರುವಾದರೂ ಐದೇ ನಿಮಿಷದಲ್ಲಿ ನಾವು ಕಣಕ್ಕೆ ಬಂದು ಎಂಜಿನ್ ನಿಲ್ಲಿಸುತ್ತೇವೆ. ಮಾರನೆಯ ದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲ್ಲುವುದು. ಪ್ರತಿಸಲ ಸಿಂಪಡಿಸಿದ ಡೀಸೆಲಿನ ಒಂದಂಶ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ನಾನು ಸಂತೋಷಪಟ್ಟ ಆಯಿಲ್ ಮಟ್ಟದ ಗುಟ್ಟು ಇದೇ. ಡೀಸೆಲ್ ಬೆರೆತ ಆಯಿಲ್ ನೀರಾಗಿ ಬೇರಿಂಗ್, ಟರ್ಬೊ ಮುಂತಾದ ಭಾಗಗಳು ಸವೆಯುತ್ತವೆ. ಫಿಲ್ಟರಿನ ಖರ್ಚಿಗಿಂತ ಎಂಜಿನ್ನಿನ ಖರ್ಚು ದೊಡ್ಡದು.

ಸುಡುತ್ತಿರುವುದನ್ನು ಗುರುತಿಸುವುದು ಹೇಗೆ?

ಎಲ್ಲ ವಾಹನಗಳಲ್ಲೂ ಇದಕ್ಕೆ ದೀಪ ಹೊತ್ತುವುದಿಲ್ಲ. ಆದರೆ ಗಮನಿಸುವವರಿಗೆ ತಿಳಿಯುತ್ತದೆ. ನಿಂತಾಗ ಎಂಜಿನ್ ಎಂದಿಗಿಂತ ತುಸು ಜೋರಾಗಿ ತಿರುಗುತ್ತದೆ. ಶಬ್ದ ಬೇರೆಯಾಗುತ್ತದೆ. ಬಿಸಿ ಲೋಹದ ವಾಸನೆ ಬರುತ್ತದೆ. ಕೀಲಿ ತಿರುಗಿಸಿ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನ್ ಸುತ್ತುತ್ತಿರುತ್ತದೆ. ಇಂಥ ಸೂಚನೆ ಕಂಡರೆ ಎಂಜಿನ್ ನಿಲ್ಲಿಸದೆ ಇನ್ನೊಂದು ಹತ್ತು ಹದಿನೈದು ನಿಮಿಷ ಓಡಿಸಿ ಬರುವುದು ಒಳ್ಳೆಯದು.

ಬೆಳೆಗಾರರು ಮಾಡಬೇಕಾದದ್ದು

1. ಸಣ್ಣ ಓಡಾಟಗಳನ್ನು ಒಟ್ಟುಗೂಡಿಸಿ. ಸೊಸೈಟಿ, ಬ್ಯಾಂಕು, ಗೊಬ್ಬರ, ದಿನಸಿ ಎಂದು ನಾಲ್ಕು ಸಲ ಹೋಗುವ ಬದಲು ಒಂದೇ ಸಲ ಮುಗಿಸಿ. ಒಬ್ಬರೇ ಹೋಗುವ ಕೆಲಸಕ್ಕೆ ಸ್ಕೂಟರು ಸಾಕು.

2. ವಾರಕ್ಕೊಮ್ಮೆಯಾದರೂ ಗಾಡಿಯನ್ನು ದೊಡ್ಡ ರಸ್ತೆಗೆ ಒಯ್ದು 20ರಿಂದ 30 ನಿಮಿಷ ಒಂದೇ ಸಮನೆ ಓಡಿಸಿ. ಮೂಡಿಗೆರೆಯ ಕಡೆಯವರಿಗೆ ಚಿಕ್ಕಮಗಳೂರಿನ ಸುಮಾರು 30 ಕಿಲೋಮೀಟರ್ ದಾರಿ ಇದಕ್ಕೆ ಸಾಕು. ಹೇಗೂ ಹೋಗಲೇಬೇಕಾದ ಕೆಲಸಕ್ಕೆ ಇದನ್ನು ಹೊಂದಿಸಿಕೊಂಡರೆ ಡೀಸೆಲ್ ದಂಡವಾಗುವುದಿಲ್ಲ.

3. ಇಲ್ಲಿ ಮುಖ್ಯವಾದದ್ದು ವೇಗವಲ್ಲ, ಎಂಜಿನ್ನಿನ ದುಡಿಮೆ. ತಿರುವಿನ ರಸ್ತೆಯಲ್ಲಿ ಜೋರು ಓಡಿಸಬೇಕಾಗಿಲ್ಲ. ಒಂದು ಗೇರ್ ಕೆಳಗಿಟ್ಟು ಎಂಜಿನ್ ನಿಮಿಷಕ್ಕೆ 2000 ಸುತ್ತಿನ ಮೇಲಿರುವಂತೆ ನೋಡಿಕೊಂಡರೆ ಸಾಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ಎಂಜಿನ್ನಿಗೆ ದುಡಿಮೆಯಿಲ್ಲ, ಹೊಗೆ ತಣ್ಣಗಾಗುತ್ತದೆ. ಹತ್ತುವಾಗ ಚೆನ್ನಾಗಿ ಕಾಯುತ್ತದೆ.

4. ಚೀಲ ಹೇರುವಾಗ, ತೂಕಕ್ಕೆ ಕಾಯುವಾಗ ಎಂಜಿನ್ ಚಾಲೂ ಬಿಡಬೇಡಿ. ನಿಂತು ಓಡುವ ಎಂಜಿನ್ ಮಸಿ ಕೂಡಿಸುತ್ತದೆಯೇ ಹೊರತು ಸುಡುವಷ್ಟು ಕಾಯುವುದಿಲ್ಲ.

5. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇರಲಿ. ಡೀಸೆಲ್ ತೀರಾ ಕಡಿಮೆಯಿದ್ದರೆ ಹಲವು ವಾಹನಗಳಲ್ಲಿ ಸುಡುವ ಕೆಲಸ ಶುರುವಾಗುವುದೇ ಇಲ್ಲ.

6. ವಾರಕ್ಕೊಮ್ಮೆ ಆಯಿಲ್ ಕಡ್ಡಿ ನೋಡಿ. ಆಯಿಲ್ ಇಳಿದರೆ ಮಾತ್ರವಲ್ಲ, ಏರಿದರೂ ಚಿಂತಿಸಬೇಕು. ಮೇಲಿನ ಗುರುತು ದಾಟಿದ್ದರೆ ಬದಲಿಸಲು ಹೇಳಿದ ಕಿಲೋಮೀಟರ್ ಆಗದಿದ್ದರೂ ಆಯಿಲ್ ಬದಲಿಸಿ.

7. ಗಾಡಿಯ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ. ಮಸಿ ಸುಟ್ಟುಹೋದರೂ ಆಯಿಲಿನಿಂದ ಬರುವ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಉಳಿದು, ಮುಂದೊಂದು ದಿನ ಬಿಚ್ಚಿ ತೊಳೆಸಲೇಬೇಕಾಗುತ್ತದೆ. ಪಂಪು ಎಂಜಿನ್ನಿಗೆ ತಂದ ಆಯಿಲನ್ನು ಇದಕ್ಕೆ ಸುರಿಯಬಾರದು.

ದೀಪ ಹೊತ್ತಿದರೆ

ಹಳದಿ ದೀಪ ಮಾತ್ರ ಹೊತ್ತಿ ಗಾಡಿಯ ಶಕ್ತಿ ಸರಿಯಾಗಿದ್ದರೆ ಹೆದರಬೇಕಾಗಿಲ್ಲ. ಅದು ಕೆಟ್ಟ ಸೂಚನೆಯಲ್ಲ, ದೂರದ ಓಟ ಬೇಕೆಂಬ ಸೂಚನೆ. ಅಂದೋ ಮಾರನೆಯ ದಿನವೋ ದೊಡ್ಡ ರಸ್ತೆಯಲ್ಲಿ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಕೆಲವು ವಾಹನಗಳಲ್ಲಿ ನಿಂತಲ್ಲಿಯೇ ಸುಡಿಸುವ ಗುಂಡಿ ಇದೆ. ಅದನ್ನು ಪುಸ್ತಕದಲ್ಲಿ ಹೇಳಿದಂತೆಯೇ ಬಳಸಬೇಕು. ದೀಪ ಮಿಣುಕಿದರೆ, ಎಂಜಿನ್ ದೀಪವೂ ಜೊತೆಗೆ ಹೊತ್ತಿದರೆ, ಇಲ್ಲವೆ ಶಕ್ತಿ ಉಡುಗಿದರೆ ಓಡಿಸಿ ಸರಿಮಾಡುವ ಹಂತ ಮೀರಿತೆಂದು ತಿಳಿದು ವರ್ಕ್‌ಶಾಪಿಗೆ ತಿಳಿಸಬೇಕು. ಅಲ್ಲಿ ಯಂತ್ರ ಜೋಡಿಸಿ ಸುಡಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಫಿಲ್ಟರ್ ಬಿಚ್ಚಿ ತೊಳೆಸಬೇಕು ಅಥವಾ ಹೊಸದು ಹಾಕಿಸಬೇಕು. ಹೊಸ ಫಿಲ್ಟರಿನ ಬೆಲೆ ಕೊಯ್ಲಿನ ಕೂಲಿಗೆಂದು ಎತ್ತಿಟ್ಟ ಹಣಕ್ಕೇ ಕೈಹಾಕಿಸುವಂಥದು.

ದೀಪವನ್ನು ಮೊದಲು ಕಾಣುವವರು ಗಾಡಿ ಓಡಿಸುವವರು. ನಮ್ಮಲ್ಲಿ ಒಂದೇ ಗಾಡಿಯನ್ನು ಮಗ, ರೈಟರು, ಡ್ರೈವರು ಹೀಗೆ ಮೂರು ಜನ ಓಡಿಸುವುದುಂಟು. ಒಬ್ಬರು ಕಂಡದ್ದು ಇನ್ನೊಬ್ಬರಿಗೆ ತಿಳಿಯದೆ ವಾರಗಟ್ಟಲೆ ಕಳೆಯುತ್ತದೆ. ದೀಪದ ಗುರುತನ್ನು ಎಲ್ಲರಿಗೂ ತೋರಿಸಿಕೊಟ್ಟು, ಕಂಡ ದಿನವೇ ಹೇಳಬೇಕೆಂದು ತಿಳಿಸಿ.

ಬೆಂಕಿಯ ಎಚ್ಚರ

ಫಿಲ್ಟರ್ ಸುಡುವಾಗ ಗಾಡಿಯ ಅಡಿಭಾಗ ವಿಪರೀತ ಕಾದಿರುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ನಮ್ಮ ತೋಟಗಳಲ್ಲಿ ಒಣ ದರಗು, ಒಣ ಹುಲ್ಲು, ಅಡಿಕೆ ಸಿಪ್ಪೆಯ ರಾಶಿ ಎಲ್ಲೆಲ್ಲೂ ಇರುತ್ತವೆ. ಓಡಿಸಿ ಬಂದ ಗಾಡಿಯನ್ನು ಇವುಗಳ ಮೇಲೆ ನಿಲ್ಲಿಸಬಾರದು. ಬರಿ ನೆಲದಲ್ಲಿ ಇಲ್ಲವೆ ಜಲ್ಲಿಯ ಮೇಲೆ ನಿಲ್ಲಿಸಿ. ಮುಚ್ಚಿದ ಶೆಡ್ಡಿನೊಳಗೆ ನಿಂತಲ್ಲಿಯೇ ಸುಡಿಸುವುದಂತೂ ಕೂಡದು.

ಮಾಡಬಾರದ ಇನ್ನೆರಡು ಕೆಲಸಗಳು

ಫಿಲ್ಟರಿನ ಒಳಭಾಗವನ್ನು ಒಡೆದು ತೆಗೆದು, ಕಂಪ್ಯೂಟರಿಗೆ ಸುಳ್ಳು ಹೇಳಿಸಿಬಿಡುತ್ತೇವೆ ಎನ್ನುವವರು ಸಿಗುತ್ತಾರೆ. ಇದಕ್ಕೆ ಒಪ್ಪಬೇಡಿ. ಕಂಪನಿಯ ವಾರಂಟಿ ಹೋಗುತ್ತದೆ, ಹೊಗೆಯ ಮಿತಿ ಮೀರಿದ ವಾಹನಕ್ಕೆ ಕಾನೂನಿನಂತೆ ದಂಡವೂ ಇದೆ. ಎರಡನೆಯದು, ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದು, ಬ್ಯಾರಲಿನಲ್ಲಿ ಬಹಳ ದಿನ ಇಟ್ಟು ನೀರು ಸೇರಿದ ಡೀಸೆಲ್ ಹಾಕುವುದು. ಸ್ಟೇಜ್ 6ರ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರಬಾರದು. ಹಿಂದಿನದರಲ್ಲಿ ಆ ಮಿತಿ 50 ಇತ್ತು. ಕ್ಯಾಟಲಿಸ್ಟೂ ಫಿಲ್ಟರೂ ಈ ಶುದ್ಧ ಡೀಸೆಲನ್ನು ನಂಬಿಯೇ ಕೆಲಸ ಮಾಡುತ್ತವೆ.

ಕೊನೆಯದಾಗಿ, ಹೊಸ ವಾಹನ ಕೊಳ್ಳುವವರಿಗೆ ಒಂದು ಮಾತು. ನಿಮ್ಮ ಗಾಡಿ ತಿಂಗಳಲ್ಲಿ ಎಷ್ಟು ಸಲ ಅರ್ಧ ಗಂಟೆ ಒಂದೇ ಸಮನೆ ಓಡುತ್ತದೆ ಎಂದು ಮೊದಲು ಲೆಕ್ಕ ಹಾಕಿ. ಎರಡು ಸಲವೂ ಇಲ್ಲವಾದರೆ, ಹೊರೆಯೂ ಹೆಚ್ಚಿಲ್ಲವಾದರೆ, ಪೆಟ್ರೋಲ್ ವಾಹನವನ್ನು ವಿಚಾರಿಸುವುದು ಮೇಲು. ಡೀಸೆಲೇ ಬೇಕೆಂದಾದರೆ ಅದಕ್ಕೆ ವಾರದ ಓಟವನ್ನು ತಪ್ಪಿಸಬಾರದು. ಈಗ ನಮ್ಮ ಪಿಕಪ್ ಪ್ರತಿ ವಾರದ ಸಂತೆಗೆ ಹತ್ತಿರದ ಪೇಟೆ ಬಿಟ್ಟು ದೂರದ ಪೇಟೆಗೆ ಹೋಗಿ ಬರುತ್ತಿದೆ. ಆ ದೀಪ ಮತ್ತೆ ಹೊತ್ತಿಲ್ಲ. ಇಂಥ ಅನುಭವವಿರುವ ಇತರ ಸದಸ್ಯರೂ ಬರೆದು ತಿಳಿಸಿದರೆ ಎಲ್ಲರಿಗೂ ಉಪಯೋಗವಾದೀತು.