ಸುಕ್ಕು ನಿವಾರಕ ಚುಚ್ಚುಮದ್ದಿನ ನಂತರ ಚರ್ಮದ ಆರೈಕೆ: ಮೊದಲ ನಾಲ್ಕು ಗಂಟೆಯಿಂದ ಎರಡು ವಾರದವರೆಗೆ

ಬೊಟಾಕ್ಸ್ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿರುವ ಸುಕ್ಕು ನಿವಾರಕ ಚುಚ್ಚುಮದ್ದನ್ನು ಹಾಕಿಸಿಕೊಳ್ಳಲು ಹತ್ತು ಹದಿನೈದು ನಿಮಿಷ ಸಾಕು. ಅರಿವಳಿಕೆ ಬೇಕಾಗುವುದಿಲ್ಲ, ಆಸ್ಪತ್ರೆಯಲ್ಲಿ ಉಳಿಯಬೇಕಿಲ್ಲ. ಥಾಣೆ ಅಥವಾ ವಾಶಿಯ ಕ್ಲಿನಿಕ್‌ನಲ್ಲಿ ಚುಚ್ಚಿಸಿಕೊಂಡವರು ಅದೇ ದಿನ ಲೋಕಲ್ ರೈಲು ಹತ್ತಿ ಡೊಂಬಿವಲಿಗೋ ಕಲ್ಯಾಣಕ್ಕೋ ಮರಳುತ್ತಾರೆ. ಆದರೆ ನೀವು ಕ್ಲಿನಿಕ್‌ನಿಂದ ಹೊರಬಂದಾಗ ಔಷಧದ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಮುಂದಿನ ಎರಡು ವಾರ ಏನು ಮಾಡಬೇಕು, ಏನು ಮಾಡಬಾರದು, ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಇಲ್ಲಿ ತಿಳಿಯೋಣ.

ಈ ಔಷಧ ಏನು ಮಾಡುತ್ತದೆ?

ಇದರಲ್ಲಿರುವುದು ಬೊಟುಲಿನಮ್ ಟಾಕ್ಸಿನ್ ಎಂಬ ಪ್ರೋಟೀನ್. ನರವು ಸ್ನಾಯುವಿಗೆ ‘ಬಿಗಿಯಾಗು’ ಎಂದು ಸಂದೇಶ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತದೆ. ಅದರ ಬಿಡುಗಡೆಯನ್ನು ಈ ಔಷಧ ತಡೆಯುತ್ತದೆ. ಸ್ನಾಯು ಸಡಿಲಗೊಂಡಾಗ ಅದರ ಮೇಲಿನ ಚರ್ಮ ಮಡಿಕೆಯಾಗುವುದು ಕಡಿಮೆಯಾಗುತ್ತದೆ. ಹುಬ್ಬುಗಳ ನಡುವಿನ ಗೆರೆಗಳಿಗೆ ಇದನ್ನು ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಅನುಮತಿ ನೀಡಿತು. ಅದಕ್ಕೂ ಮೊದಲೇ, 1989ರಿಂದ, ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತದ ಚಿಕಿತ್ಸೆಗೆ ಇದು ಅಲ್ಲಿ ಬಳಕೆಯಲ್ಲಿತ್ತು.

ಪರಿಣಾಮ ಕೂಡಲೇ ಕಾಣಿಸುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ದಿನಗಳಲ್ಲಿ ಬದಲಾವಣೆ ಗೊತ್ತಾಗತೊಡಗುತ್ತದೆ. ಪೂರ್ಣ ಫಲಿತಾಂಶಕ್ಕೆ ಸುಮಾರು ಎರಡು ವಾರ ಬೇಕು. ಮೂರರಿಂದ ನಾಲ್ಕು ತಿಂಗಳಲ್ಲಿ ಸ್ನಾಯು ಮತ್ತೆ ಮೊದಲಿನಂತೆ ಕೆಲಸ ಮಾಡತೊಡಗುತ್ತದೆ.

ಮೊದಲ ನಾಲ್ಕು ಗಂಟೆ: ಮುಖ ಮುಟ್ಟಬೇಡಿ

ಔಷಧವು ಚುಚ್ಚಿದ ಸ್ನಾಯುವಿನಲ್ಲೇ ಉಳಿಯಬೇಕು. ಅದು ಪಕ್ಕದ ಸ್ನಾಯುವಿಗೆ ಹರಡಿದರೆ ರೆಪ್ಪೆ ಅಥವಾ ಹುಬ್ಬು ಜೋತುಬೀಳಬಹುದು. ಆದ್ದರಿಂದ ಮೊದಲ ನಾಲ್ಕು ಗಂಟೆ ಹೀಗೆ ಮಾಡಿ:

• ಮಲಗಬೇಡಿ, ತುಂಬಾ ಹೊತ್ತು ತಲೆ ಬಗ್ಗಿಸಿ ಕೂರಬೇಡಿ. ಕುಳಿತಿರುವುದು, ನಿಧಾನವಾಗಿ ನಡೆಯುವುದು ಸರಿ.
• ಚುಚ್ಚಿದ ಜಾಗವನ್ನು ಉಜ್ಜಬೇಡಿ, ಒತ್ತಬೇಡಿ, ತುರಿಸಬೇಡಿ.
• ಸಾಷ್ಟಾಂಗ ನಮಸ್ಕಾರ, ಶೀರ್ಷಾಸನ, ಸೂರ್ಯ ನಮಸ್ಕಾರ ಆ ದಿನ ಬೇಡ. ಕೈ ಮುಗಿದರೆ ಸಾಕು.
• ಮೇಕಪ್ ಬೇಡ. ಸಾಧ್ಯವಾದರೆ ಮರುದಿನದವರೆಗೆ ಬಿಡಿ.

ನಮ್ಮಲ್ಲಿ ಹೆಚ್ಚಿನವರು ಮರೆಯುವ ಸಂಗತಿ ಒಂದಿದೆ. ಕುಂಕುಮ ಅಥವಾ ಬಿಂದಿ ಇಡುವ ಜಾಗ ಮತ್ತು ಹುಬ್ಬುಗಳ ನಡುವೆ ಚುಚ್ಚುಮದ್ದು ಬೀಳುವ ಜಾಗ ಹೆಚ್ಚುಕಡಿಮೆ ಒಂದೇ. ಬೆರಳಿನಿಂದ ಒತ್ತಿ ಕುಂಕುಮ ಇಡುವುದು, ಅಂಟಿನ ಬಿಂದಿಯನ್ನು ಎಳೆದು ತೆಗೆಯುವುದು, ಗಂಧ ತೇಯ್ದು ಹಚ್ಚುವುದು ಮೊದಲ ದಿನ ಬೇಡ. ಸೂಜಿಯ ಚಿಕ್ಕ ರಂಧ್ರಗಳಿಗೆ ಬಣ್ಣ ಅಥವಾ ಅಂಟು ತಾಗಿದರೆ ಉರಿ ಬರಬಹುದು, ಸೋಂಕೂ ಆಗಬಹುದು.

ಇವುಗಳಲ್ಲಿ ಹಲವು ಸೂಚನೆಗಳು ಮುನ್ನೆಚ್ಚರಿಕೆಯಿಂದ ಬಂದವು. ಗೊತ್ತಿಲ್ಲದೆ ಒಮ್ಮೆ ಹಣೆ ಮುಟ್ಟಿಕೊಂಡರೆ ಅಥವಾ ಐದು ನಿಮಿಷ ಒರಗಿಕೊಂಡರೆ ಗಾಬರಿಯಾಗಬೇಡಿ. ತಪ್ಪಿಸಬೇಕಾದುದು ಗಟ್ಟಿಯಾಗಿ ಉಜ್ಜುವುದನ್ನು ಮತ್ತು ಒತ್ತುವುದನ್ನು.

ಮನೆಗೆ ಹೋಗುವ ದಾರಿ

ವಾಶಿಯಿಂದ ಡೊಂಬಿವಲಿಗೆ ಹೊರಟವರು ಥಾಣೆಯಲ್ಲಿ ರೈಲು ಬದಲಿಸಬೇಕು. ಸಂಜೆಯ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ, ಚೀಲದ ಪಟ್ಟಿ ಮುಖಕ್ಕೆ ತಾಗುವುದು ದಿನನಿತ್ಯದ ಮಾತು. ಹೀಗಾಗಿ ಬೆಳಗಿನ ದಟ್ಟಣೆ ಕಳೆದ ಮೇಲೆ, ಮಧ್ಯಾಹ್ನದೊಳಗೆ ಮುಗಿಯುವಂತೆ ಸಮಯ ಪಡೆಯಿರಿ. ಸಂಜೆಯ ದಟ್ಟಣೆ ಶುರುವಾಗುವ ಮೊದಲೇ ಮನೆ ಸೇರಬಹುದು. ರೈಲಿನಲ್ಲಿ ಕಿಟಕಿಗೆ ಹಣೆ ಆನಿಸಿ ನಿದ್ದೆ ಮಾಡಬೇಡಿ.

ಸ್ಕೂಟರ್‌ನಲ್ಲಿ ಬಂದಿದ್ದರೆ ಹೆಲ್ಮೆಟ್ ಹಣೆಯನ್ನು ಒತ್ತುತ್ತದೆ. ಹಾಗೆಂದು ಹೆಲ್ಮೆಟ್ ಇಲ್ಲದೆ ಓಡಿಸುವುದು ಪರಿಹಾರವಲ್ಲ. ಆ ದಿನ ಸ್ಕೂಟರ್ ಮನೆಯಲ್ಲೇ ಬಿಟ್ಟು ಆಟೋದಲ್ಲಿ ಹೋಗಿ ಬನ್ನಿ.

ಮೊದಲ 24 ಗಂಟೆ

ರಕ್ತಸಂಚಾರ ಹೆಚ್ಚಿದರೆ ಊತ ಮತ್ತು ಕಂದುಗಟ್ಟುವುದು ಹೆಚ್ಚಬಹುದು. ಹೀಗಾಗಿ ಜಿಮ್, ಓಟ, ಈಜು, ಏರುದಾರಿಯ ವೇಗದ ನಡಿಗೆ ಒಂದು ದಿನ ಬೇಡ. ಸಾಧಾರಣ ನಡಿಗೆಗೆ ತೊಂದರೆಯಿಲ್ಲ. ಸ್ಟೀಮ್, ಸೌನಾ, ತೀರಾ ಬಿಸಿ ನೀರಿನ ಸ್ನಾನ ಬಿಡಿ. ಶೀತವಾಗಿದೆಯೆಂದು ಹಬೆ ತೆಗೆದುಕೊಳ್ಳುವುದನ್ನೂ ಮುಂದೂಡಿ. ಮದ್ಯ ಸೇವಿಸಬೇಡಿ.

ನೋವಿದ್ದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಐಬುಪ್ರೊಫೇನ್‌ನಂಥ ಮಾತ್ರೆಗಳು ಕಂದುಗಟ್ಟುವುದನ್ನು ಹೆಚ್ಚಿಸಬಹುದು. ಆದರೆ ಹೃದಯದ ತೊಂದರೆಗೆ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹಣೆಯ ಮೇಲಿನ ಕಲೆ ಎರಡು ವಾರದಲ್ಲಿ ಹೋಗುತ್ತದೆ. ಮಾತ್ರೆ ನಿಲ್ಲಿಸಿದ್ದರಿಂದ ಆಗುವ ಹೃದಯಾಘಾತ ಹಾಗಲ್ಲ.

ಮುಖ ತೊಳೆಯುವುದು, ಕ್ರೀಮ್, ಸನ್‌ಸ್ಕ್ರೀನ್

ನಾಲ್ಕು ಗಂಟೆಯ ನಂತರ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆಯಬಹುದು. ಟವೆಲ್‌ನಿಂದ ಉಜ್ಜದೆ, ಮೆತ್ತಗೆ ಒತ್ತಿ ನೀರು ಹೀರಿಸಿ. ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ರೆಟಿನಾಲ್, ಗ್ಲೈಕಾಲಿಕ್ ಆಸಿಡ್, ಸ್ಕ್ರಬ್ ಇತ್ಯಾದಿಗಳನ್ನು ಒಂದೆರಡು ದಿನ ಬಿಡಿ. ಅರಿಶಿನ, ಕಡಲೆಹಿಟ್ಟು, ನಿಂಬೆರಸದ ಲೇಪವೂ ಈಗ ಬೇಡ.

ನಮ್ಮ ಕರಾವಳಿಯ ಸೆಕೆಯಲ್ಲಿ, ಅದರಲ್ಲೂ ಅಕ್ಟೋಬರ್ ತಿಂಗಳ ಬಿಸಿಲಿನಲ್ಲಿ, ಬೆವರು ನಿಲ್ಲುವುದಿಲ್ಲ. ಕರವಸ್ತ್ರದಿಂದ ಹಣೆ ತಿಕ್ಕುವುದು ಅಭ್ಯಾಸವಾಗಿರುತ್ತದೆ. ಅದರ ಬದಲು ಟಿಶ್ಯೂ ಇಟ್ಟುಕೊಂಡು ಮೆಲ್ಲಗೆ ಒತ್ತಿ ಬೆವರು ತೆಗೆಯಿರಿ.

ಮರುದಿನದಿಂದ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಹೊರಗೆ ಇರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮಳೆಗಾಲದ ಮೋಡವನ್ನೂ ದಾಟಿ ನೇರಳಾತೀತ ಕಿರಣಗಳು ಬರುತ್ತವೆ. ಚುಚ್ಚುಮದ್ದು ಸ್ನಾಯುವಿನ ಚಲನೆಯಿಂದಾಗುವ ಗೆರೆಗಳನ್ನು ಮಾತ್ರ ಕಡಿಮೆ ಮಾಡುತ್ತದೆ. ಬಿಸಿಲಿನಿಂದಾದ ಕಪ್ಪು ಕಲೆ, ಒರಟುತನ, ಸಡಿಲಿಕೆಗೆ ಅದು ಮದ್ದಲ್ಲ.

ಎರಡು ವಾರ ಮುಂದೂಡಬೇಕಾದವು

ಫೇಶಿಯಲ್, ಮುಖದ ಮಸಾಜ್, ಪಾರ್ಲರಿನ ಹೆಡ್ ಮಸಾಜ್, ಕೆಮಿಕಲ್ ಪೀಲ್ ಮತ್ತು ಲೇಸರ್ ಅನ್ನು ಎರಡು ವಾರ ಮುಂದೂಡಿ. ಹುಬ್ಬಿನ ಥ್ರೆಡಿಂಗ್ ಬಗ್ಗೆ ವೈದ್ಯರನ್ನು ಕೇಳಿ; ಕೆಲವು ದಿನ ಬಿಡುವುದು ಒಳ್ಳೆಯದು. ದೀಪಾವಳಿಯ ಎಣ್ಣೆಸ್ನಾನ ಹತ್ತಿರದಲ್ಲಿದ್ದರೆ ತಲೆಗೆ ಎಣ್ಣೆ ಹಚ್ಚಬಹುದು, ಹಣೆಯನ್ನು ತಿಕ್ಕಬೇಡಿ.

ಮನೆಯಲ್ಲಿ ಮದುವೆಯಿದ್ದರೆ ಕನಿಷ್ಠ ನಾಲ್ಕು ವಾರ ಮುಂಚೆ ಚುಚ್ಚಿಸಿಕೊಳ್ಳಿ. ಹಿಂದಿನ ವಾರ ಚುಚ್ಚಿಸಿಕೊಂಡರೆ ಫೋಟೋದಲ್ಲಿ ಕಂದುಕಲೆ ಕಾಣಬಹುದು, ಹೆಚ್ಚುಕಡಿಮೆಯಾದರೆ ಸರಿಪಡಿಸಲು ಸಮಯವೂ ಇರುವುದಿಲ್ಲ.

ಯಾವುದು ಸಹಜ?

• ಸೊಳ್ಳೆ ಕಚ್ಚಿದಂತಹ ಚಿಕ್ಕ ಉಬ್ಬುಗಳು: ಹೆಚ್ಚಾಗಿ ಒಂದು ಗಂಟೆಯೊಳಗೆ ಇಳಿಯುತ್ತವೆ.
• ಸ್ವಲ್ಪ ಕೆಂಪು, ಮುಟ್ಟಿದರೆ ನೋವು: ಒಂದೆರಡು ದಿನ.
• ಕಂದುಗಟ್ಟುವುದು: ಒಂದರಿಂದ ಎರಡು ವಾರ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಒತ್ತದೆ ಕೆಲವು ನಿಮಿಷ ಇಡಬಹುದು.
• ಸಣ್ಣ ತಲೆನೋವು, ಹಣೆ ಭಾರವೆನಿಸುವುದು: ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ.

ವೈದ್ಯರಿಗೆ ಯಾವಾಗ ಫೋನ್ ಮಾಡಬೇಕು?

ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ನಗುವಾಗ ಬಾಯಿ ಒಂದು ಕಡೆ ವಾಲಿದರೆ, ಚುಚ್ಚಿದ ಜಾಗ ದಿನದಿಂದ ದಿನಕ್ಕೆ ಹೆಚ್ಚು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ ಚುಚ್ಚಿದ ವೈದ್ಯರಿಗೆ ತಿಳಿಸಿ. ರೆಪ್ಪೆ ಜೋತುಬೀಳುವುದು ಶಾಶ್ವತವಲ್ಲ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಲ್ಲಿಯವರೆಗೆ ರೆಪ್ಪೆ ಸ್ವಲ್ಪ ಮೇಲೇಳುವಂತೆ ಮಾಡುವ ಕಣ್ಣಿನ ಹನಿಗಳನ್ನು ವೈದ್ಯರು ಕೊಡಬಹುದು. ಮಸಾಜ್ ಮಾಡಿ ಸರಿಪಡಿಸಲು ಹೋಗಬೇಡಿ.

ತಕ್ಷಣ ಆಸ್ಪತ್ರೆಗೆ ಹೋಗಿ

ನುಂಗಲು, ಮಾತನಾಡಲು ಅಥವಾ ಉಸಿರಾಡಲು ಕಷ್ಟವಾಗುವುದು, ದನಿ ಬದಲಾಗುವುದು, ವಸ್ತುಗಳು ಎರಡಾಗಿ ಕಾಣುವುದು, ಕೈಕಾಲುಗಳಲ್ಲಿ ಬಲಹೀನತೆ: ಇವು ಔಷಧ ದೇಹದ ಬೇರೆ ಭಾಗಕ್ಕೆ ಹರಡಿರುವ ಸೂಚನೆಯಾಗಿರಬಹುದು. ಅನುಮೋದಿತ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಸೌಂದರ್ಯಕ್ಕಾಗಿ ಬಳಸಿದಾಗ ಇದು ಬಹಳ ಅಪರೂಪ. ಆದರೂ 2009ರಲ್ಲಿ ಎಫ್‌ಡಿಎ ಈ ಔಷಧಗಳ ಮೇಲೆ ತನ್ನ ಅತ್ಯಂತ ಕಠಿಣ ದರ್ಜೆಯ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಸೂಚಿಸಿತು. ಲಕ್ಷಣಗಳು ಕೆಲವು ಗಂಟೆಗಳಲ್ಲಿ ಬರಬಹುದು, ಕೆಲವು ವಾರಗಳ ನಂತರವೂ ಬರಬಹುದು. ಹೀಗಾಗಿ ‘ಚುಚ್ಚಿಸಿಕೊಂಡು ಹತ್ತು ದಿನವಾಯಿತಲ್ಲ’ ಎಂದು ತಳ್ಳಿಹಾಕಬೇಡಿ.

ಮೈಯೆಲ್ಲಾ ದದ್ದು, ತುಟಿ ನಾಲಿಗೆಯ ಊತ, ಉಬ್ಬಸ ಅಲರ್ಜಿಯ ಲಕ್ಷಣಗಳು. ಅದೇ ದಿನ ಫಿಲ್ಲರ್ ಕೂಡ ಹಾಕಿಸಿಕೊಂಡಿದ್ದರೆ ಮತ್ತೊಂದು ಅಪಾಯವಿದೆ: ತೀವ್ರ ನೋವು, ಚರ್ಮ ಬಿಳಿಚಿಕೊಳ್ಳುವುದು ಅಥವಾ ನೀಲಿಯಾಗುವುದು, ದೃಷ್ಟಿ ಮಸುಕಾಗುವುದು. ರಕ್ತನಾಳ ಮುಚ್ಚಿಕೊಂಡಾಗ ಹೀಗಾಗುತ್ತದೆ, ಪ್ರತಿ ನಿಮಿಷವೂ ಮುಖ್ಯ.

ಈ ಯಾವುದೇ ಲಕ್ಷಣ ಕಂಡರೆ 108ಕ್ಕೆ ಕರೆ ಮಾಡಿ ಅಥವಾ ತುರ್ತು ವಿಭಾಗವಿರುವ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ‘ಬೊಟುಲಿನಮ್ ಚುಚ್ಚುಮದ್ದು ಹಾಕಿಸಿಕೊಂಡಿದ್ದೇನೆ’ ಎಂದು ಮೊದಲೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ರೋಗನಿರ್ಣಯ ತಡವಾಗುತ್ತದೆ.

ಬಾಟಲಿಯ ವಿವರ ನಿಮ್ಮ ಬಳಿ ಇರಲಿ

2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ 22 ಜನರಿಗೆ ಇಂಥ ಚುಚ್ಚುಮದ್ದಿನ ನಂತರ ತೊಂದರೆಯಾದ ವರದಿಗಳು ಬಂದವು. ನಕಲಿ ಔಷಧ, ಅರ್ಹತೆಯಿಲ್ಲದವರು ಮನೆ ಅಥವಾ ಸ್ಪಾಗಳಲ್ಲಿ ಕೊಟ್ಟ ಚುಚ್ಚುಮದ್ದು ಅವುಗಳ ಹಿಂದಿತ್ತು. ಕಡಿಮೆ ದರದ ಕೊಡುಗೆ ಎಲ್ಲ ಊರಿನಲ್ಲೂ ಸಿಗುತ್ತದೆ. ಪಾರ್ಲರಿನಲ್ಲಿ ಚುಚ್ಚಿಸಿಕೊಳ್ಳಬೇಡಿ. ವೈದ್ಯರ ನೋಂದಣಿಯನ್ನು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ಪರಿಶೀಲಿಸಬಹುದು. ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಕೊಟ್ಟ ಯೂನಿಟ್‌ಗಳ ಸಂಖ್ಯೆಯನ್ನು ಬರೆಸಿಕೊಳ್ಳಿ. ಒಂದು ಬ್ರಾಂಡಿನ ಯೂನಿಟ್ ಇನ್ನೊಂದಕ್ಕೆ ಸಮವಲ್ಲ ಎಂಬುದು ನೆನಪಿರಲಿ. ಅಡ್ಡಪರಿಣಾಮವಾದರೆ ಭಾರತೀಯ ಔಷಧ ಸುರಕ್ಷಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ನೇರವಾಗಿ ತಿಳಿಸಬಹುದು.

ಮನೆಯವರಿಗೆ ಒಂದು ಮಾತು

ನಿಮ್ಮ ಮನೆಯವರು ಚುಚ್ಚಿಸಿಕೊಂಡು ಬಂದಿದ್ದರೆ ಮೊದಲ ವಾರ ಎರಡು ವಿಷಯ ಗಮನಿಸಿ: ಊಟ ಮಾಡುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದೆಯೇ, ದನಿ ಬದಲಾಗಿದೆಯೇ? ಇವು ಚುಚ್ಚಿಸಿಕೊಂಡವರಿಗಿಂತ ಜತೆಗಿರುವವರಿಗೆ ಬೇಗ ಗೊತ್ತಾಗಬಹುದು. ಬೇರೆ ಕಾಯಿಲೆಗೆ ವೈದ್ಯರ ಬಳಿ ಹೋದಾಗಲೂ ಚುಚ್ಚುಮದ್ದಿನ ವಿಷಯ ಹೇಳಿ. ಜೆಂಟಾಮೈಸಿನ್‌ನಂಥ ಕೆಲವು ಆ್ಯಂಟಿಬಯಾಟಿಕ್‌ಗಳು ಇದರ ಪರಿಣಾಮವನ್ನು ಹೆಚ್ಚಿಸಬಲ್ಲವು.

ಎರಡು ವಾರದ ಹೊತ್ತಿಗೆ ವೈದ್ಯರಿಗೆ ಮುಖ ತೋರಿಸಿ. ಎರಡು ಹುಬ್ಬು ಸಮವಾಗಿಲ್ಲದಿದ್ದರೆ ಆಗ ಸರಿಪಡಿಸಬಹುದು. ನಾಲ್ಕನೇ ದಿನವೇ ‘ಏನೂ ಆಗಿಲ್ಲ’ ಎಂದು ಬೇರೆಡೆ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಡಿ. ಮುಂದಿನ ಪೂರ್ಣ ಚುಚ್ಚುಮದ್ದಿಗೆ ಕನಿಷ್ಠ ಮೂರು ತಿಂಗಳ ಅಂತರವಿರಲಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ, ಮಯಸ್ತೇನಿಯಾ ಗ್ರೇವಿಸ್‌ನಂಥ ನರಸ್ನಾಯು ಕಾಯಿಲೆಯಿದ್ದರೆ ಚುಚ್ಚಿಸಿಕೊಳ್ಳುವ ಮೊದಲೇ ವೈದ್ಯರಿಗೆ ತಿಳಿಸಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ವೈದ್ಯರು ಕೊಟ್ಟ ಸೂಚನೆ ಇದಕ್ಕಿಂತ ಭಿನ್ನವಾಗಿದ್ದರೆ ಅವರ ಸೂಚನೆಯನ್ನೇ ಪಾಲಿಸಿ.