ಐಸ್ ಬೀಳದಿದ್ದರೆ ಮೊದಲು ಮಾಳಿಗೆಯ ಟ್ಯಾಂಕ್ ನೋಡಿ

ಮಂಡ್ಯ: ತಾನಾಗಿಯೇ ಮಂಜುಗಡ್ಡೆ ತಯಾರಿಸುವ 'ಐಸ್ ಮೇಕರ್' ಉಳ್ಳ ದೊಡ್ಡ ಫ್ರಿಜ್‌ಗಳು ಈಗ ಸಣ್ಣ ಪಟ್ಟಣಗಳ ಮನೆಗಳನ್ನೂ ಪ್ರವೇಶಿಸಿವೆ. ಐಸ್ ಬೀಳುವುದು ನಿಂತೊಡನೆ ಯಂತ್ರವೇ ಕೆಟ್ಟಿದೆ ಎಂದು ಭಾವಿಸಿ ಬಿಡಿಭಾಗ ಬದಲಿಸಲು ಸಾವಿರಾರು ರೂಪಾಯಿ ತೆರುವವರುಂಟು. ಆದರೆ ಅನೇಕ ವೇಳೆ ದೋಷ ಇರುವುದು ಫ್ರಿಜ್‌ನಲ್ಲಲ್ಲ, ಅದಕ್ಕೆ ಬರುವ ನೀರಿನಲ್ಲಿ.

ಒತ್ತಡವೇ ಮುಖ್ಯ

ನಲ್ಲಿ ಸಂಪರ್ಕದ ಐಸ್ ಮೇಕರ್‌ನಲ್ಲಿ ವಿದ್ಯುತ್ ವಾಲ್ವ್ ಕೆಲವೇ ಸೆಕೆಂಡು ತೆರೆದು ಅಚ್ಚಿಗೆ ನೀರು ಬಿಡುತ್ತದೆ. ಹಲವು ಮಾದರಿಗಳಲ್ಲಿ ಇದು ನೀರಿನ ಪ್ರಮಾಣವನ್ನಲ್ಲ, ಸಮಯವನ್ನು ಅವಲಂಬಿಸಿರುತ್ತದೆ. ಒತ್ತಡ ಕಡಿಮೆಯಾದರೆ ಅಚ್ಚು ತುಂಬದೆ ಗಡ್ಡೆಗಳು ಚಿಕ್ಕದಾಗಿ, ಟೊಳ್ಳಾಗಿ ಬರುತ್ತವೆ. ಕೊನೆಗೆ ನಿಂತೇ ಹೋಗುತ್ತವೆ.

ಇಂತಹ ಫ್ರಿಜ್‌ಗಳಿಗೆ ಸಾಮಾನ್ಯವಾಗಿ ಕನಿಷ್ಠ 1.4 ಬಾರ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕು. 10 ಮೀಟರ್ ಎತ್ತರದ ನೀರು ನೀಡುವುದು ಸುಮಾರು 1 ಬಾರ್ ಮಾತ್ರ. ಒಂದಂತಸ್ತಿನ ಮನೆಯ ಮಾಳಿಗೆಯ ಟ್ಯಾಂಕ್ ಫ್ರಿಜ್‌ಗಿಂತ ಮೂರ್ನಾಲ್ಕು ಮೀಟರ್ ಮೇಲಿದ್ದರೆ ದೊರೆಯುವುದು 0.4 ಬಾರ್‌ನಷ್ಟೇ. ಕಾವೇರಿ ತೀರದ ಶ್ರೀರಂಗಪಟ್ಟಣವಾಗಲಿ, ನಾಲೆ ನೀರಿನ ಪಾಂಡವಪುರವಾಗಲಿ, ನೀರು ಸಮೃದ್ಧವಾಗಿದ್ದರೂ ಈ ಲೆಕ್ಕ ಬದಲಾಗದು. ಕೈಪಿಡಿಯಲ್ಲಿನ ಅಂಕಿ ನೋಡಿ, ಅಗತ್ಯವಿದ್ದರೆ ಚಿಕ್ಕ ಪ್ರೆಶರ್ ಪಂಪ್ ಅಳವಡಿಸುವುದೇ ಪರಿಹಾರ.

ಗಡಸು ನೀರಿನ ಕಾಟ

ಕೆ.ಆರ್.ಪೇಟೆ, ನಾಗಮಂಗಲ ಭಾಗಗಳಲ್ಲಿ ಕೊಳವೆಬಾವಿ ನೀರು ಬಳಸುವ ಮನೆಗಳಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಶಿಲಾಪದರಗಳ ನಡುವಿನ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ವಾಲ್ವ್‌ನ ಜಾಲರಿಯನ್ನೂ ಮುಚ್ಚುತ್ತದೆ. ಫ್ರಿಜ್‌ನೊಳಗಿನ ಇದ್ದಿಲಿನ ಫಿಲ್ಟರ್ ವಾಸನೆ ತೆಗೆಯುತ್ತದೆಯೇ ಹೊರತು ಗಡಸುತನವನ್ನಲ್ಲ. ಆರ್.ಒ. ಯಂತ್ರ ಜೋಡಿಸಿದರೆ ಲವಣ ತಗ್ಗುತ್ತದೆ, ಜೊತೆಗೆ ಒತ್ತಡವೂ ಕುಸಿಯುತ್ತದೆ ಎಂಬುದನ್ನು ಮರೆಯಬಾರದು.

ಮನೆಯಲ್ಲೇ ಪರೀಕ್ಷಿಸಿ

* ಐಸ್ ಡಬ್ಬಿಯ ಮೇಲಿನ ತಂತಿಯ ಕೈ ಮೇಲೆತ್ತಿದ್ದರೆ ಯಂತ್ರ ಬಂದ್ ಆಗಿದೆ ಎಂದರ್ಥ. ಕೆಳಗಿಳಿಸಿ.
* ಫ್ರೀಜರ್ ಮೈನಸ್ 18 ಡಿಗ್ರಿ ಆಸುಪಾಸಿನಲ್ಲಿರಲಿ. ಹೊಸ ಫ್ರಿಜ್ ಆಗಿದ್ದರೆ 24 ಗಂಟೆ ಕಾಯಿರಿ. ದೀರ್ಘಕಾಲ ಕರೆಂಟ್ ಹೋಗಿದ್ದರೂ ಫ್ರೀಜರ್ ಮತ್ತೆ ತಣಿಯಲು ಕಾಲಾವಕಾಶ ಬೇಕು.
* ಫಿಲ್ಟರ್ ಬದಲಿಸಿ ಆರು ತಿಂಗಳು ಮೀರಿದೆಯೇ, ಹಿಂಬದಿಯ ನೀರಿನ ಪೈಪ್ ಮಡಚಿಕೊಂಡಿದೆಯೇ ನೋಡಿ.
* ನೀರು ಬೀಳುವ ನಳಿಕೆಯ ಬಾಯಿ ಹೆಪ್ಪುಗಟ್ಟಿದ್ದರೆ ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು ಕರಗಲು ಬಿಡಿ.
* ವೋಲ್ಟೇಜ್ ಏರಿಳಿತವಿರುವ ಬಡಾವಣೆಗಳಲ್ಲಿ ಸ್ಟೆಬಿಲೈಸರ್ ಸ್ಥಿತಿ ಪರಿಶೀಲಿಸಿ.

ಚಾಕುವಿನಿಂದ ಐಸ್ ಕೆರೆಯುವುದು ಅಪಾಯಕರ. ಇತ್ತೀಚಿನ ಅನೇಕ ಫ್ರಿಜ್‌ಗಳಲ್ಲಿರುವ ಆರ್-600ಎ ಅನಿಲ ಬೆಂಕಿ ಹೊತ್ತಿಕೊಳ್ಳುವ ಗುಣದ್ದು. ಕೊಳವೆ ತೂತಾದರೆ ಅದು ಸೋರುತ್ತದೆ. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ರೋಗಾಣುಗಳು ಸಾಯುವುದಿಲ್ಲವಾದ್ದರಿಂದ, ಕುಡಿಯಲು ಯೋಗ್ಯವಲ್ಲದ ನೀರನ್ನು ಐಸ್‌ಗೂ ಬಳಸಬಾರದು.

ಇಷ್ಟೆಲ್ಲ ನೋಡಿದ ಮೇಲೂ ಐಸ್ ಬಾರದಿದ್ದರೆ ವಾಲ್ವ್ ಅಥವಾ ಮೋಟಾರು ಕೆಟ್ಟಿರುವ ಸಾಧ್ಯತೆಯಿದೆ. ಮೆಕ್ಯಾನಿಕ್‌ಗೆ ಕರೆ ಮಾಡಬೇಕಾದುದು ಆಗ.